ಪೇಜಾವರರ ಪದ್ಯವನ್ನು ಕೈಗಿಡುವಾಗ

ಕನ್ನಡ ಎಂ.ಎ. ಮಾಡಿದವರಿಗೆ ಪೇಜಾವರ ಸದಾಶಿವರಾಯರ ಹೆಸರು ಗೊತ್ತಿರುತ್ತದೆ. ನವ್ಯಕಾವ್ಯಕ್ಕೆ ಮುನ್ಸೂಚನೆ ಕೊಟ್ಟ ಕವಿ ಎಂದು ಸಾಹಿತ್ಯ ಚರಿತ್ರೆಗಳು ಹೇಳುತ್ತವೆ. ಮಾತೇನೋ ನಿಜ. ನವ್ಯದ ಪ್ರಮುಖ ಕವಿ ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ ಬಂದದ್ದು 1954ರಲ್ಲಿ. ಅದಕ್ಕೆ ಹದಿನೈದು ವರ್ಷ ಮೊದಲೇ ತೀರಿಕೊಂಡ ಈ ತರುಣ ‘ನಾಟ್ಯೋತ್ಸವ’ ಎಂಬ ಪದ್ಯದಲ್ಲಿ ಮುಕ್ತಛಂದಕ್ಕೆ ಕೈಹಾಕಿದ್ದರು. ಆದರೆ ಆ ಒಂದು ವಾಕ್ಯವೇ ಅವರಿಗೆ ಅನ್ಯಾಯ ಮಾಡಿದೆ. ಮುನ್ಸೂಚನೆ ಕೊಟ್ಟವರನ್ನು ನೆನೆಯುತ್ತೇವೆ, ಓದುವುದಿಲ್ಲ.

ಹಾಗಾಗಿ ಈ ಪದ್ಯವನ್ನು ಯಾರಿಗಾದರೂ ಕೊಡುವಾಗ ನಾನು ಪೀಠಿಕೆ ಹಾಕುವುದಿಲ್ಲ. ಇಸವಿ ಹೇಳುವುದಿಲ್ಲ, ಹೊಗಳುವುದೂ ಇಲ್ಲ. ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದುತ್ತೇನೆ, ಆಮೇಲೆ ಹಾಳೆಯನ್ನು ಅವರ ಕೈಗಿಟ್ಟು ಅವರಿಂದ ಓದಿಸುತ್ತೇನೆ. ಮಾತ್ರೆ ಎಣಿಸಿ ಕೂಡಿಸಿದ ಪದ್ಯವಾದರೆ ತಾಳವೇ ಕೈಹಿಡಿದು ನಡೆಸುತ್ತದೆ. ಇಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಓಡಬೇಕು ಎಂಬುದನ್ನು ಓದುವವರೇ ಗೊತ್ತುಮಾಡಿಕೊಳ್ಳಬೇಕು. ನಾನು ನಿಂತಲ್ಲಿ ಅವರು ನಿಲ್ಲುವುದಿಲ್ಲ. ಆಗ ಶುರುವಾಗುವ ವಾದವಿದೆಯಲ್ಲ, ಅಷ್ಟು ಖುಷಿ ನನಗೆ ಒಬ್ಬನೇ ಕೂತು ಓದುವಾಗ ಸಿಕ್ಕಿಲ್ಲ. ಎಷ್ಟೋ ಸಲ ಓದಿದ ಪದ್ಯ ಇನ್ನೊಬ್ಬರ ಬಾಯಲ್ಲಿ ಹೊಸದಾಗುತ್ತದೆ.

ನೆಂಟರ ಮಗಳೊಬ್ಬಳು ಓದಿ ಮುಗಿಸಿ, ‘ಇವರು ಈಗ ಎಲ್ಲಿದ್ದಾರೆ?’ ಎಂದು ಕೇಳಿದಳು. ಪದ್ಯ ಇವತ್ತಿನದು ಎಂದೇ ಅವಳಿಗೆ ಅನ್ನಿಸಿತ್ತು. ಆಗ ಹೇಳಿದೆ: ಹುಟ್ಟಿದ್ದು 1913ರಲ್ಲಿ. ಎಂಜಿನಿಯರಿಂಗ್ ಓದಲು ಇಟಲಿಗೆ ಹೋದರು. 1939ರಲ್ಲಿ ಅಲ್ಲಿಯೇ ತೀರಿಕೊಂಡರು, ಇನ್ನೂ ಮೂವತ್ತು ತುಂಬಿರಲಿಲ್ಲ. ಅವಳು ಹಾಳೆಯನ್ನು ತಿರುಗಿ ಎತ್ತಿಕೊಂಡು ಮೊದಲಿಂದ ಓದಿದಳು.

ಸದಾಶಿವರಾಯರ ಕರಾವಳಿಗೆ ಛಂದಸ್ಸಿನ ಕಟ್ಟು ಬಿಡಿಸುವ ಇಂಥ ಧೈರ್ಯ ಹೊಸದಲ್ಲ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟುಕೊಟ್ಟಿದ್ದರು. ಪ್ರಾಸ ಹೋದರೂ ಲಯದ ಲೆಕ್ಕ ಉಳಿದಿತ್ತು. ಸದಾಶಿವರಾಯರು ಅದನ್ನೂ ಸಡಿಲಿಸಿ ನೋಡಿದರು, ಅದೂ ನವೋದಯದ ಭಾವಗೀತೆ ಮನೆಮನೆಯಲ್ಲಿ ಹಾಡಾಗಿದ್ದ ಕಾಲದಲ್ಲಿ.

ಅವರ ಸಂಕಲನದ ಹೆಸರು ‘ವರುಣ’. ಪುಸ್ತಕದಂಗಡಿಯಲ್ಲಿ ಕೇಳಿದರೆ ಸಿಗುವುದು ಕಷ್ಟ, ಹಳೆಯ ಗ್ರಂಥಾಲಯಗಳಲ್ಲಿ ಹುಡುಕಬೇಕು. ಸಿಕ್ಕಿದರೆ ಮೊದಲು ಸಾಹಿತ್ಯದ ವಿದ್ಯಾರ್ಥಿಗಳಿಗೆ ಕೊಡಬೇಡಿ, ಅವರಿಗೆ ಹೇಗೂ ಪಾಠದಲ್ಲಿ ಹೆಸರು ಬರುತ್ತದೆ. ಯಂತ್ರ, ಗಣಿತ ಎಂದು ಓದುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಅವರಿಗೆ ಕೊಡಿ. ಕವಿಯೂ ಅದನ್ನೇ ಓದುತ್ತಿದ್ದವರು.