ಕೂಗುವವರೂ ನಟಿಸುತ್ತಾರೆಯೇ?

2018ರ ಏಪ್ರಿಲ್ 8, ನ್ಯೂ ಆರ್ಲಿಯನ್ಸ್. ಡಬ್ಲ್ಯುಡಬ್ಲ್ಯುಇ ಎಂಬ ರೆಸ್ಲಿಂಗ್ ಕಂಪನಿಯ ವರ್ಷದ ದೊಡ್ಡ ಜಾತ್ರೆ ರೆಸಲ್‌ಮೇನಿಯಾ. ಬ್ರಾನ್ ಸ್ಟ್ರೋಮನ್ ಎಂಬ ದೈತ್ಯ ಜೋಡಿ ಪಂದ್ಯಕ್ಕೆ ಒಂಟಿಯಾಗಿ ಬಂದಿದ್ದಾನೆ. ನನ್ನ ಜೊತೆಗಾರ ಈ ಜನರ ನಡುವೆಯೇ ಇದ್ದಾನೆ ಎಂದವನೇ ಕುರ್ಚಿಗಳ ಸಾಲಿಗೆ ಇಳಿದ. ಕೈ ಎತ್ತಿ ಕುಣಿಯುತ್ತಿದ್ದವರನ್ನೆಲ್ಲ ದಾಟಿ ಹೋಗಿ, ಹತ್ತು ವರ್ಷದ ಹುಡುಗನೊಬ್ಬನನ್ನು ಆರಿಸಿ ಕರೆತಂದ. ಹುಡುಗ ಮೂಲೆಯಲ್ಲಿ ಹಗ್ಗ ಹಿಡಿದು ನಿಂತದ್ದೇ ಹೆಚ್ಚು; ಹೊಡೆದಾಟವೆಲ್ಲ ಸ್ಟ್ರೋಮನ್‌ನದೇ. ಎದುರಾಳಿಗಳಾದ ಶೇಮಸ್ ಮತ್ತು ಸೆಸಾರೊ ಸೋತರು, ಹುಡುಗನ ಹೆಗಲಿಗೆ ಅವನಿಗಿಂತ ಭಾರವಾದಂತೆ ಕಾಣುವ ಚಾಂಪಿಯನ್ ಬೆಲ್ಟು ಬಂತು. ಮರುದಿನವೇ ಅದನ್ನು ಹಿಂದಿರುಗಿಸಿದರು. ಕಾರಣ, ಹುಡುಗನಿಗೆ ಶಾಲೆಯಿದೆ!

ಆ ಹುಡುಗ ಅದೇ ಕಂಪನಿಯ ರೆಫರಿಯೊಬ್ಬರ ಮಗ.

ಹಾಗಾದರೆ ರೆಸ್ಲಿಂಗಿನಲ್ಲಿ ಪ್ರೇಕ್ಷಕರ ಪಾಲ್ಗೊಳ್ಳುವಿಕೆಯೂ ನಾಟಕವೇ? ಸೋಲು ಗೆಲುವು ಮೊದಲೇ ನಿಶ್ಚಯವಾಗಿರುತ್ತದೆಂಬುದು ಗುಟ್ಟೇನಲ್ಲ. ಇದು ಮನರಂಜನೆಯೇ ಹೊರತು ಸ್ಪರ್ಧೆಯಲ್ಲವೆಂದು ಈ ಕಂಪನಿ 1989ರಲ್ಲೇ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸನಸಭೆಯ ಮುಂದೆ ಒಪ್ಪಿಕೊಂಡಿತ್ತು. ಉಳಿದಿರುವ ಪ್ರಶ್ನೆ ಹಗ್ಗದ ಆಚೆ ಕೂತವರದು. ನನ್ನ ಮಟ್ಟಿಗೆ ಉತ್ತರ ಎರಡು ತುಂಡಾಗುತ್ತದೆ: ರಿಂಗಿಗೆ ಹತ್ತುವ ಪ್ರೇಕ್ಷಕ ಬಹುಮಟ್ಟಿಗೆ ಪಾತ್ರಧಾರಿ, ಕೂತಲ್ಲಿಂದ ಕೂಗುವ ಪ್ರೇಕ್ಷಕ ಅಲ್ಲ.

ಮೊದಲನೆಯದಕ್ಕೆ ಕಾರಣ ಸರಳ, ಅಪಾಯ. 1994ರಲ್ಲಿ ಫಿಲಡೆಲ್ಫಿಯಾದ ಇಸಿಡಬ್ಲ್ಯು ಎಂಬ ಇನ್ನೊಂದು ಕಂಪನಿಯ ಪ್ರದರ್ಶನದಲ್ಲಿ ಟೆರಿ ಫಂಕ್ ಎಂಬ ರೆಸ್ಲರ್ ಹೊಡೆಯಲು ಒಂದು ಕುರ್ಚಿ ಕೊಡಿ ಎಂದು ಜನರನ್ನು ಕೇಳಿದ. ಒಂದು ಬಂತು, ಆಮೇಲೆ ಇನ್ನೊಂದು. ನೋಡನೋಡುತ್ತಿದ್ದಂತೆ ನಾಲ್ಕೂ ಕಡೆಯಿಂದ ಕುರ್ಚಿಗಳ ಮಳೆ. ಎದುರಾಳಿಗಳು ಆ ರಾಶಿಯಡಿ ಹೂತೇಹೋದರು. ನಿಜವಾದ ಪಾಲ್ಗೊಳ್ಳುವಿಕೆ ಎಂದರೆ ಅದು. ಇಂಥದ್ದನ್ನು ಯಾವ ದೊಡ್ಡ ಕಂಪನಿಯೂ ತಾಳಿಕೊಳ್ಳಲಾರದು. 2019ರಲ್ಲಿ ಬ್ರೂಕ್ಲಿನ್‌ನಲ್ಲಿ ಹಳೆಯ ರೆಸ್ಲರ್ ಬ್ರೆಟ್ ಹಾರ್ಟ್ ಗೌರವ ಸ್ವೀಕರಿಸಿ ಭಾಷಣ ಮಾಡುತ್ತಿದ್ದಾಗ ಪ್ರೇಕ್ಷಕನೊಬ್ಬ ನುಗ್ಗಿ ಅವರನ್ನು ಕೆಡವಿದ. ಆಗ ಕ್ಯಾಮೆರಾ ಮಾಡಿದ್ದೇನು? ತಟ್ಟನೆ ಬೇರೆ ಕಡೆ ಹೊರಳಿತು. ಹುಡುಗನನ್ನು ಆರಿಸುವಾಗ ಅದೇ ಕ್ಯಾಮೆರಾ ಒಂದು ಹೆಜ್ಜೆಯನ್ನೂ ಬಿಟ್ಟಿರಲಿಲ್ಲ. ನಟನೆಯನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ಕಂಡಿಲ್ಲ.

ಇನ್ನು ಕೂಗು. 2002ರ ಮಾರ್ಚ್ 17ರಂದು ಟೊರಾಂಟೊದ ಸ್ಕೈಡೋಮ್‌ನಲ್ಲಿ 68 ಸಾವಿರಕ್ಕೂ ಹೆಚ್ಚು ಜನ. ಕಥೆಯ ಪ್ರಕಾರ ಹಲ್ಕ್ ಹೋಗನ್ ಖಳ, ದ ರಾಕ್ ನಾಯಕ. ಕೆಲವೇ ವಾರಗಳ ಹಿಂದೆ ಹೋಗನ್ ರಾಕ್‌ನನ್ನು ಸಾಗಿಸುತ್ತಿದ್ದ ಆಂಬುಲೆನ್ಸಿಗೆ ಟ್ರಕ್ಕು ಗುದ್ದಿದಂತೆ ತೋರಿಸಿದ್ದರು. ಇಷ್ಟೆಲ್ಲ ಮಾಡಿದರೂ ಗಂಟೆ ಬಾರಿಸಿದ ಮೇಲೆ ಜನ ಜೈ ಅಂದದ್ದು ತಮ್ಮ ಬಾಲ್ಯದ ಹೋಗನ್‌ಗೆ. ಅವನು ರಾಕ್‌ನನ್ನು ತಳ್ಳಿ ಬೀಳಿಸಿದಾಗ ಮೈದಾನ ಸಿಡಿಯಿತು. ಇಬ್ಬರೂ ಅತ್ತಿತ್ತ ಜನರನ್ನು ನೋಡಿದರು. ಆಟದ ವರಸೆ ಅಲ್ಲೇ ಬದಲಾಯಿತು, ರಾಕ್ ಒರಟನಾದ, ಹೋಗನ್ ಹಳೆಯ ನಾಯಕನ ಭಂಗಿಗೆ ಮರಳಿದ. ಗೆದ್ದದ್ದು ಮಾತ್ರ ರಾಕ್.

ತಾಳಮದ್ದಳೆ ಕೇಳಿದವರಿಗೆ ಇದು ಹೊಸತಲ್ಲ. ಕರ್ಣ ಸಾಯುತ್ತಾನೆಂದು ಎಲ್ಲರಿಗೂ ಗೊತ್ತು. ಆದರೆ ಅರ್ಥಧಾರಿ ಯಾವ ಮಾತನ್ನು ಬೆಳೆಸುತ್ತಾನೆ, ಯಾವುದನ್ನು ಅಲ್ಲಿಗೇ ಬಿಡುತ್ತಾನೆ ಎಂಬುದು ಎದುರು ಕೂತವರ ಮೇಲೂ ನಿಂತಿದೆ. ರೆಸ್ಲಿಂಗ್ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಜನ ಪ್ರಸಂಗವನ್ನೇ ತಿದ್ದಿಸುತ್ತಾರೆ. 2014ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನ ಒಬ್ಬೊಬ್ಬರಾಗಿ ಮೂವತ್ತು ಜನ ಇಳಿಯುವ ರಾಯಲ್ ರಂಬಲ್‌ನಲ್ಲಿ ಮೂವತ್ತನೆಯವನಾಗಿ, ಕೊನೆಯಲ್ಲಿ, ಎಲ್ಲರ ಪ್ರೀತಿಯ ರೇ ಮಿಸ್ಟೀರಿಯೊ ಬಂದ. ಅವನಿಗೂ ಛೀಮಾರಿ! ಅವನ ತಪ್ಪು ಒಂದೇ, ಅವನು ಜನ ಕಾಯುತ್ತಿದ್ದ ಡೇನಿಯಲ್ ಬ್ರಯನ್ ಅಲ್ಲ. ಏಪ್ರಿಲ್‌ನ ರೆಸಲ್‌ಮೇನಿಯಾ ಹೊತ್ತಿಗೆ ರ‍್ಯಾಂಡಿ ಆರ್ಟನ್ ಮತ್ತು ಬಟಿಸ್ಟಾ ನಡುವಿನ ಪಂದ್ಯಕ್ಕೆ ಬ್ರಯನ್‌ನನ್ನು ಸೇರಿಸಿ, ಅವನನ್ನೇ ಗೆಲ್ಲಿಸಬೇಕಾಯಿತು.

ಆದರೆ ನಡುವೆ, ಮಾರ್ಚ್‌ನ ಮೆಂಫಿಸ್ ಕಾರ್ಯಕ್ರಮದಲ್ಲಿ, ಒಂದು ದೃಶ್ಯವಿದೆ: ಬ್ರಯನ್‌ನ ಘೋಷಣೆ ಅಚ್ಚು ಹಾಕಿದ ಟೀ ಶರ್ಟು ತೊಟ್ಟ ‘ಅಭಿಮಾನಿಗಳು’ ತಂಡತಂಡವಾಗಿ ಇಳಿದು ಬಂದು ರಿಂಗನ್ನು ಆಕ್ರಮಿಸಿದರು. ಅಷ್ಟು ಅಚ್ಚುಕಟ್ಟಾದ ದಂಗೆಯನ್ನು ನಂಬುವುದು ಕಷ್ಟ. ಸುತ್ತಲಿನ ಸಾವಿರಾರು ಜನರ ಸಿಟ್ಟು ನಿಜ, ರಿಂಗಿನೊಳಗಿನ ಬಂಡಾಯ ಅದರ ನಕಲು. ತನ್ನ ವಿರುದ್ಧದ ಪ್ರತಿಭಟನೆಯನ್ನೇ ಕಂಪನಿ ಸರಕು ಮಾಡಿ ಮಾರಿತು. ವ್ಯಾಪಾರವಾಗಿ ಜಾಣತನ, ಕಲೆಯಾಗಿ ನೋಡಿದರೆ, ಜನರ ಮಾತನ್ನು ಕಿತ್ತುಕೊಂಡು ಅವರಿಗೇ ಒಪ್ಪಿಸಿದಂತೆ.

ಕೂಗನ್ನೂ ತಯಾರಿಸಲು ಹೊರಟರೆ ಏನಾಗುತ್ತದೆಂಬುದಕ್ಕೆ ಕೋವಿಡ್ ಕಾಲವೇ ಸಾಕ್ಷಿ. 2020ರ ಆಗಸ್ಟ್‌ನಲ್ಲಿ ಒರ್ಲ್ಯಾಂಡೊದಲ್ಲಿ ‘ಥಂಡರ್‌ಡೋಮ್’ ಕಟ್ಟಿದರು. ರಿಂಗಿನ ಸುತ್ತ ಎಲ್‌ಇಡಿ ಪರದೆಗಳು, ಅವುಗಳಲ್ಲಿ ಮನೆಯಲ್ಲಿ ಕೂತವರ ಮುಖಗಳು, ಜೊತೆಗೆ ಧ್ವನಿವರ್ಧಕದಿಂದ ಹರಿಸಿದ ಚಪ್ಪಾಳೆ, ಕೇಕೆ. ನಾಯಕನಿಗೆ ಜೈಕಾರ, ಖಳನಿಗೆ ಧಿಕ್ಕಾರ, ಎಲ್ಲವೂ ಬರಬೇಕಾದ ಕಡೆ ಬರಬೇಕಾದಷ್ಟೇ ಬಂತು. ಒಂದು ಸಲವೂ ಜನ ಮಾತು ಮೀರಲಿಲ್ಲ. ಅದಕ್ಕೇ ಅದು ಸಪ್ಪೆ.

ರೆಸ್ಲಿಂಗ್ ನೋಡುವವರನ್ನು ಕಂಡರೆ ‘ಅದೆಲ್ಲ ನಾಟಕ ಕಣ್ರೀ’ ಎನ್ನುವವರಿಗೆ ನಾನು ಹೇಳುವುದಿಷ್ಟೆ: ನಾಟಕವೇ, ಸರಿ. ಆದರೆ ಟೊರಾಂಟೊದ ಆ 68 ಸಾವಿರ ಜನರಿಗೆ ಯಾರೂ ಮಾತು ಬರೆದುಕೊಟ್ಟಿರಲಿಲ್ಲ.