ದಾಟಿ ಹೋದವನೂ ಹಿಂದೆ ನಿಂತವನೂ

ಫುಟ್ಬಾಲ್ ಪಂದ್ಯವೊಂದು ಮುಗಿದ ಮರುದಿನ ನಮ್ಮ ನೆನಪಿನಲ್ಲಿ ಉಳಿಯುವುದು ಗೋಲುಗಳು. ಗೋಲು ಹೊಡೆದವನ ಹೆಸರು ಎಲ್ಲರ ಬಾಯಲ್ಲಿರುತ್ತದೆ. ಅವನನ್ನು ತಡೆಯಲಾಗದೆ ಹಿಂದುಳಿದವನ ಹೆಸರೂ ಕೇಳಿಬರುತ್ತದೆ, ಆದರೆ ಅದು ಗೇಲಿಗಾಗಿ. ಮೂರನೆಯವನೊಬ್ಬನಿದ್ದಾನೆ. ಅವನ ಬಗ್ಗೆ ನಾವು ಮಾತನಾಡುವುದೇ ಇಲ್ಲ. ಹಿಂದುಳಿದವನ ಬೆನ್ನ ಹಿಂದೆ ಇರಬೇಕಾಗಿದ್ದವನು ಅವನು. ಈ ಮೂರನೆಯವನನ್ನು ಬಿಟ್ಟು ಆಟವನ್ನು ವಿಮರ್ಶಿಸುವ ನಮ್ಮ ಅಭ್ಯಾಸ ಸರಿಯೇ ಎಂಬುದು ಇಲ್ಲಿನ ಪ್ರಶ್ನೆ.

2010ರ ಅಕ್ಟೋಬರ್ 20ರಂದು ಇಟಲಿಯ ಮಿಲಾನ್ ನಗರದ ಸ್ಯಾನ್ ಸಿರೊ ಕ್ರೀಡಾಂಗಣದಲ್ಲಿ ಇಂಟರ್ ಮಿಲಾನ್ ಮತ್ತು ಇಂಗ್ಲೆಂಡಿನ ಟಾಟನ್‌ಹ್ಯಾಮ್ ತಂಡಗಳ ನಡುವೆ ಚಾಂಪಿಯನ್ಸ್ ಲೀಗ್ ಪಂದ್ಯ ನಡೆಯಿತು. ಟಾಟನ್‌ಹ್ಯಾಮ್‌ನ ಗೋಲ್‌ಕೀಪರ್ ಆರಂಭದಲ್ಲೇ ಕೆಂಪು ಕಾರ್ಡ್ ಪಡೆದು ಹೊರನಡೆದ. ಮಧ್ಯಂತರದ ಹೊತ್ತಿಗೆ ಇಂಟರ್ 4-0 ಮುಂದಿತ್ತು. ಪಂದ್ಯ ಮುಗಿದಂತೆಯೇ ಇತ್ತು. ಆದರೆ ಎರಡನೇ ಅರ್ಧದಲ್ಲಿ ವೇಲ್ಸ್‌ನ ಹುಡುಗ ಗ್ಯಾರೆತ್ ಬೇಲ್ ಎಡಬದಿಯಿಂದ ಓಡಲು ಶುರುಮಾಡಿದ. ಅವನ ಮೊದಲ ಗೋಲು ತನ್ನದೇ ಅರ್ಧದಿಂದ ಆರಂಭಿಸಿದ ಓಟದ ಫಲ. ಕೊನೆಯ ಕ್ಷಣಗಳಲ್ಲಿ ಇನ್ನೆರಡು ಗೋಲುಗಳು ಬಂದವು. ಮೂರೂ ಎಡಗಾಲಿನಿಂದ, ದೂರದ ಮೂಲೆಗೆ. ಇಂಟರ್ 4-3ರಿಂದ ಗೆದ್ದಿತು. ಆದರೆ ಆ ಗೆಲುವು ಇಂದು ಯಾರಿಗೂ ನೆನಪಿಲ್ಲ.

ನವೆಂಬರ್ 2ರಂದು ಲಂಡನ್ನಿನಲ್ಲಿ ಅವೇ ತಂಡಗಳು ಮತ್ತೆ ಎದುರಾದಾಗ ಟಾಟನ್‌ಹ್ಯಾಮ್ 3-1ರಿಂದ ಗೆದ್ದಿತು. ಅದರಲ್ಲಿ ಎರಡು ಗೋಲುಗಳಿಗೆ ಚೆಂಡು ಒದಗಿಸಿದವನು ಬೇಲ್. ಅವನಿಗೆ ಎದುರಾಗಿ ನಿಂತಿದ್ದ ರೈಟ್ ಬ್ಯಾಕ್ ಬ್ರೆಜಿಲ್‌ನ ಮೈಕಾನ್. ಅದೇ ವರ್ಷ ಯೂರೋಪಿನ ಶ್ರೇಷ್ಠ ಡಿಫೆಂಡರ್ ಎಂದು ಪ್ರಶಸ್ತಿ ಪಡೆದಿದ್ದ ಆಟಗಾರ. ಈ ಎರಡು ರಾತ್ರಿಗಳ ನಂತರ ಅವನು ಮುಗಿದವನು, ಕಾಲು ಸೋತವನು ಎಂಬ ಮಾತು ಹಬ್ಬಿತು.

ನಾವು ಇದನ್ನು ಒಪ್ಪುವುದಿಲ್ಲ. ಒಪ್ಪದಿರಲು ಕಾರಣ ಕರುಣೆಯಲ್ಲ. ಅದೇ ಮೈಕಾನ್ ಆರು ತಿಂಗಳ ಹಿಂದೆ ಇದ್ದದ್ದೆಲ್ಲಿ ಎಂದು ನೋಡಿ. 2010ರ ಏಪ್ರಿಲ್ 28ರಂದು ಬಾರ್ಸಿಲೋನಾದ ಕ್ಯಾಂಪ್ ನೌ ಮೈದಾನದಲ್ಲಿ ಇಂಟರ್ ಸೆಮಿಫೈನಲ್‌ನ ಎರಡನೇ ಪಂದ್ಯ ಆಡುತ್ತಿತ್ತು. ಮೊದಲ ಅರ್ಧಗಂಟೆಯೊಳಗೇ ಥಿಯಾಗೊ ಮೋಟಾ ಹೊರಬಿದ್ದು ತಂಡ ಹತ್ತು ಜನರಿಗೆ ಇಳಿಯಿತು. ಎದುರಿಗಿದ್ದದ್ದು ಮೆಸ್ಸಿಯಿದ್ದ ತಂಡ. ಆದರೂ ಇಂಟರ್ ಬಿಟ್ಟುಕೊಟ್ಟದ್ದು 84ನೇ ನಿಮಿಷದ ಒಂದು ಗೋಲನ್ನು ಮಾತ್ರ. ಒಟ್ಟು 3-2ರ ಲೆಕ್ಕದಲ್ಲಿ ಫೈನಲ್‌ಗೆ ಹೋಯಿತು. ಗೋಲು ಹೊಡೆಯುವುದೇ ಕಸುಬಾಗಿದ್ದ ಸ್ಯಾಮುಯೆಲ್ ಎಟೊ ಅಂದು ಅಂಚಿನ ಗೆರೆಯ ಬಳಿ ಹೆಚ್ಚುವರಿ ಬ್ಯಾಕ್‌ನಂತೆ ಓಡಾಡಿದ. ಮೈಕಾನ್‌ನ ಕಾಲುಗಳು ಆರು ತಿಂಗಳಲ್ಲಿ ಬದಲಾಗಲಿಲ್ಲ. ಬದಲಾದದ್ದು ಅವನ ಸುತ್ತಲಿನ ವ್ಯವಸ್ಥೆ.

ಇದು ಅರ್ಥವಾಗಬೇಕಾದರೆ ಡಿಫೆಂಡರನ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತನಗಿಂತ ವೇಗದ ವಿಂಗರ್ ಚೆಂಡಿನೊಂದಿಗೆ ಎದುರು ಬಂದಾಗ ಓಟದಲ್ಲಿ ಅವನನ್ನು ಸೋಲಿಸುವಂತಿಲ್ಲ. ಹಾಗಾಗಿ ಓಟ ಆರಂಭವಾಗದಂತೆ ನೋಡಿಕೊಳ್ಳಬೇಕು. ಒಂದೆರಡು ಗಜ ಅಂತರ ಇಟ್ಟು, ದೇಹವನ್ನು ಓರೆಯಾಗಿ ತಿರುಗಿಸಿ, ಸಣ್ಣ ಹೆಜ್ಜೆಗಳಲ್ಲಿ ಹಿಂದೆ ಸರಿಯಬೇಕು. ಕಣ್ಣು ಎದುರಾಳಿಯ ಕಾಲಿನ ಚಮತ್ಕಾರದ ಮೇಲಲ್ಲ, ಚೆಂಡಿನ ಮೇಲಿರಬೇಕು. ಒಳಗಿನ ದಾರಿ ಮುಚ್ಚಿ ಅಂಚಿನ ಗೆರೆಯ ಕಡೆಗಿನ ದಾರಿಯನ್ನು ತೆರೆದಿಡಬೇಕು. ಗೆರೆ ಎಂದೂ ಸುಸ್ತಾಗದ, ಎಂದೂ ಮೋಸಹೋಗದ ಇನ್ನೊಬ್ಬ ಡಿಫೆಂಡರ್. ಎಲ್ಲಕ್ಕಿಂತ ಮುಖ್ಯವಾಗಿ, ಅವಸರಪಟ್ಟು ಕಾಲು ಚಾಚಬಾರದು. ನೆಲಕ್ಕೆ ಜಾರಿದ ಡಿಫೆಂಡರ್ ಎದ್ದು ನಿಲ್ಲುವಷ್ಟರಲ್ಲಿ ವಿಂಗರ್ ಎಷ್ಟೋ ಗಜ ಮುಂದಿರುತ್ತಾನೆ.

ಹೀಗೆ ಹಿಂದೆ ಸರಿಯುವುದನ್ನು ನೋಡಿ ಪ್ರೇಕ್ಷಕರು ಹೆದರಿಕೆ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಅವನು ಕಾಲವನ್ನು ಸಂಪಾದಿಸುತ್ತಿದ್ದಾನೆ. ಅವನು ಉಳಿಸಿದ ಎರಡು ಮೂರು ಸೆಕೆಂಡುಗಳಲ್ಲಿ ಮಿಡ್‌ಫೀಲ್ಡರ್ ಓಡಿ ಬಂದು ಪಕ್ಕದಲ್ಲಿ ನಿಲ್ಲಬೇಕು, ನಡುವಿನ ಡಿಫೆಂಡರ್ ನಾಲ್ಕು ಹೆಜ್ಜೆ ಈಚೆ ಸರಿದು ಹಿಂದಿನ ಜಾಗ ತುಂಬಬೇಕು. ಅವರು ಬಂದರೆ ಅವನು ತಾಳ್ಮೆಯುಳ್ಳ ಆಟಗಾರ. ಬಾರದಿದ್ದರೆ ಅವನು ಮೈಕಾನ್! ತಾಳ್ಮೆಯನ್ನು ನಾವು ಒಬ್ಬನ ಸ್ವಭಾವ ಎಂದು ಹೊಗಳುತ್ತೇವೆ. ಮೈದಾನದಲ್ಲಿ ಅದು ಸ್ವಭಾವಕ್ಕಿಂತ ಹೆಚ್ಚಾಗಿ ಭರವಸೆ. ಹಿಂದೆ ಯಾರೋ ಇದ್ದಾರೆ ಎಂದು ಗೊತ್ತಿದ್ದವನು ಕಾಯಬಲ್ಲ. ಯಾರೂ ಇಲ್ಲ ಎಂದು ಗೊತ್ತಾದವನು ಕಾಲು ಚಾಚುತ್ತಾನೆ.

ನಮ್ಮ ಊರುಗಳಲ್ಲಿ ಕಬಡ್ಡಿ ಆಡಿದವರಿಗೆ ಇದು ಹೊಸ ವಿಷಯವೇನಲ್ಲ. ದಾಳಿಗೆ ಬಂದವನು ಅಂಕಣದ ತುಂಬ ಕುಣಿಯುತ್ತಾನೆ, ಕಾಲು ಚಾಚಿ ಕೆಣಕುತ್ತಾನೆ. ಯಾರಾದರೊಬ್ಬ ಕೈಬಿಡಿಸಿಕೊಂಡು ಮುನ್ನುಗ್ಗಲಿ ಎಂಬುದೇ ಅವನ ಬಯಕೆ. ಕೈ ಕೈ ಹಿಡಿದ ಸರಪಳಿ ಕಾದು ನಿಂತರೆ, 30 ಸೆಕೆಂಡುಗಳ ಗಡುವು ಅವನನ್ನೇ ಅವಸರಕ್ಕೆ ದೂಡುತ್ತದೆ. ಫುಟ್ಬಾಲ್‌ನಲ್ಲಿ ಕೈ ಹಿಡಿಯುವುದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

2022ರಲ್ಲಿ ಕತಾರಿನಲ್ಲಿ ನಡೆದ ವಿಶ್ವಕಪ್ ಈ ವಿಷಯದಲ್ಲಿ ಒಂದು ಪಾಠಶಾಲೆಯಂತಿತ್ತು. ಫ್ರಾನ್ಸಿನ ಕಿಲಿಯನ್ ಎಂಬಾಪೆಯನ್ನು ತಡೆಯುವುದು ಹೇಗೆ ಎಂಬುದೇ ಎಲ್ಲರ ಪ್ರಶ್ನೆ. ಡಿಸೆಂಬರ್ 10ರ ಕ್ವಾರ್ಟರ್ ಫೈನಲ್‌ನಲ್ಲಿ ಇಂಗ್ಲೆಂಡಿನ ಕೈಲ್ ವಾಕರ್ ಅವನಿಗೆ ಎದುರಾದ. ವಾಕರ್ ಸ್ವತಃ ವೇಗಿ, ಆದರೆ ಅವನೂ ವೇಗವನ್ನು ನೆಚ್ಚಲಿಲ್ಲ. ಅಂತರ ಕಾಯ್ದುಕೊಂಡ, ಕಾದ. ಜೋರ್ಡಾನ್ ಹೆಂಡರ್ಸನ್ ಮತ್ತೆ ಮತ್ತೆ ಅವನ ನೆರವಿಗೆ ಬಂದ. ಒಮ್ಮೆ ಎಂಬಾಪೆ ದಾಟಿಯೇ ಹೋದ, ಆದರೂ ಆ ದಿನ ಅವನಿಗೆ ಗೋಲು ಸಿಗಲಿಲ್ಲ. ಹಾಗಿದ್ದೂ ಇಂಗ್ಲೆಂಡ್ 2-1ರಿಂದ ಸೋತಿತು. ಎರಡೂ ಗೋಲುಗಳಿಗೆ ಕೊನೆಯ ಪಾಸ್ ಕೊಟ್ಟವನು ಆಂತ್ವಾನ್ ಗ್ರೀಜ್‌ಮನ್. ಇದನ್ನೂ ಹೇಳಲೇಬೇಕು: ಒಂದು ಕಡೆಗೆ ನೆರವು ಹೋದರೆ ಇನ್ನೊಂದು ಕಡೆ ಜಾಗ ಬರಿದಾಗುವ ಅಪಾಯ ಇದ್ದೇ ಇದೆ. ನೆರವು ಉಚಿತವಾಗಿ ಸಿಗುವ ವಸ್ತುವಲ್ಲ.

ಡಿಸೆಂಬರ್ 14ರ ಸೆಮಿಫೈನಲ್‌ನಲ್ಲಿ ಫ್ರಾನ್ಸಿಗೆ ಎದುರಾದದ್ದು ಮೊರಾಕ್ಕೊ. ಅಲ್ಲಿಯವರೆಗಿನ ಐದು ಪಂದ್ಯಗಳಲ್ಲಿ ಮೊರಾಕ್ಕೊ ಬಿಟ್ಟುಕೊಟ್ಟದ್ದು ಒಂದೇ ಗೋಲು. ಅದೂ ಕೆನಡಾ ವಿರುದ್ಧ ತನ್ನದೇ ಆಟಗಾರನ ಕಾಲಿಗೆ ತಾಗಿ ಹೋದದ್ದು. ಸ್ಪೇನ್ 120 ನಿಮಿಷ ಚೆಂಡನ್ನು ಆಡಿಸಿದರೂ ಗೋಲು ಹೊಡೆಯಲಾಗದೆ ಪೆನಾಲ್ಟಿಗಳಲ್ಲಿ ಸೋತಿತ್ತು. ತರಬೇತುದಾರ ವಾಲಿದ್ ರೆಗ್ರಾಗಿಯ ತಂಡದಲ್ಲಿ ಅಶ್ರಫ್ ಹಕೀಮಿಯ ಮುಂದೆ ಹಕೀಂ ಝಿಯೆಚ್‌ನಂತಹ ಕುಶಲಿಯೂ ಹಿಂದಕ್ಕೆ ಓಡಿಬರುತ್ತಿದ್ದ, ನಾಲ್ವರ ಸಾಲಿನ ಎದುರು ಸೋಫಿಯಾನ್ ಅಮ್ರಾಬತ್ ಕಾವಲಿದ್ದ. ಆದರೆ ಸೆಮಿಫೈನಲ್‌ನ ದಿನ ಈ ಸರಪಳಿಯ ಕೊಂಡಿಗಳು ಒಂದೊಂದಾಗಿ ಕಳಚಿದವು. ಆಟಕ್ಕೆ ಮುಂಚೆಯೇ ನಾಯಿಫ್ ಅಗೆರ್ದ್ ಹಿಂದೆ ಸರಿಯಬೇಕಾಯಿತು. ನಾಯಕ ರೊಮಾನ್ ಸಾಯಿಸ್ ಗಾಯದಿಂದಾಗಿ 21ನೇ ನಿಮಿಷದಲ್ಲಿ ಹೊರನಡೆದ. 5ನೇ ನಿಮಿಷದಲ್ಲೇ ಗೋಲಾಗಿತ್ತು. 79ನೇ ನಿಮಿಷದಲ್ಲಿ ಎಂಬಾಪೆ ಹಲವರ ನಡುವೆ ನುಸುಳಿ ಹೊಡೆದ ಚೆಂಡು ಯಾರಿಗೋ ತಾಗಿ ಕೊಲೊ ಮುವಾನಿಯ ಕಾಲಿಗೆ ಬಂದು ಗೋಲಾಯಿತು. ಜನ ಸೇರಿದರೆ ಸಾಲದು, ಸಾಲಿನಲ್ಲಿ ಅವರವರ ಜಾಗ ಅವರಿಗೆ ಗೊತ್ತಿರಬೇಕು ಎಂಬುದು ಆ ಗೋಲಿನ ಪಾಠ. ಮೊರಾಕ್ಕೊದ ಸೋಲನ್ನು ಒಬ್ಬ ಹಕೀಮಿಯ ಸೋಲೆಂದು ಬರೆಯುವುದಾದರೆ ಅಂತಹ ಬರಹ ಆ ಪಂದ್ಯವನ್ನು ನೋಡಿಯೇ ಇಲ್ಲ ಎನ್ನಬೇಕಾಗುತ್ತದೆ.

ನಾಲ್ಕು ದಿನಗಳ ನಂತರದ ಫೈನಲ್‌ನಲ್ಲಿ ಎರಡು ಬದಿಗಳು ಎರಡು ಕಥೆ ಹೇಳಿದವು. ಅರ್ಜೆಂಟೀನಾದ ಬಲಬದಿಯಲ್ಲಿ ಮೊಲಿನಾಗೆ ಡಿ ಪಾಲ್ ಜೊತೆಯಾದ. ಮೊದಲಾರ್ಧದಲ್ಲಿ ಫ್ರಾನ್ಸಿಗೆ ಗೋಲಿನತ್ತ ಒಂದೇ ಒಂದು ಹೊಡೆತವೂ ಸಾಧ್ಯವಾಗಲಿಲ್ಲ. ಇನ್ನೊಂದು ಬದಿಯಲ್ಲಿ ಡಿ ಮರಿಯಾನನ್ನು ತಡೆಯಲು ಹಿಂದೆ ಓಡಿಬಂದವನು ವಿಂಗರ್ ಡೆಂಬೆಲೆ. ನೆರವಿಗೆ ಬಂದದ್ದೇನೋ ನಿಜ, ಆದರೆ ದಾಟಿಹೋದವನ ಬೆನ್ನಟ್ಟಿ ತಾಗಿಸಿ ಕೆಡವಿದ. ಪೆನಾಲ್ಟಿ! 23ನೇ ನಿಮಿಷದಲ್ಲಿ ಮೆಸ್ಸಿಯ ಗೋಲು. ನೆರವಾಗುವವನಿಗೂ ತಾಳ್ಮೆ ಬೇಕು ಎನ್ನಲು ಇದಕ್ಕಿಂತ ಸಾಕ್ಷಿ ಬೇಡ. ಮುಂದೆ ಕೊಲೊ ಮುವಾನಿ ಚೆಂಡಿನ ಹಿಂದೆ ಓಡಿದಾಗ ಅವನ ಜೊತೆ ಒಬ್ಬಂಟಿಯಾಗಿ ಓಡಿದ ಒಟಮೆಂಡಿಯೂ ಅದೇ ತಪ್ಪು ಮಾಡಿದ. 80ನೇ ನಿಮಿಷದ ಆ ಪೆನಾಲ್ಟಿಯಿಂದ ಎಂಬಾಪೆಯ ಮೂರು ಗೋಲುಗಳ ರಾತ್ರಿ ಶುರುವಾಯಿತು.

ತಾಳ್ಮೆಯ ಆಟ ನೋಡಲು ಚಂದವಿಲ್ಲ, ಅದು ಆಟದ ಕೊಲೆ ಎಂಬ ಆಕ್ಷೇಪ ಇದೆ. ಅಂದಿನ ಕ್ಯಾಂಪ್ ನೌ ಪಂದ್ಯಕ್ಕೂ ಈ ಮಾತು ಬಂದಿತ್ತು. ಇದರಲ್ಲಿ ಸ್ವಲ್ಪ ಸತ್ಯವಿದೆ. ಹತ್ತು ಜನ ಪೆನಾಲ್ಟಿ ಪ್ರದೇಶದಲ್ಲೇ ಬೀಡುಬಿಟ್ಟರೆ ನೋಡುವವರಿಗೆ ಬೇಸರವಾಗುತ್ತದೆ. ಆದರೆ ಹಿಂದೆ ಸರಿಯುವುದೇ ತಾಳ್ಮೆಯಲ್ಲ. ಎಲ್ಲಿಯವರೆಗೆ ಸರಿಯಬೇಕು, ಎಲ್ಲಿ ನಿಂತು ಚೆಂಡಿಗೆ ಕೈ, ಅಲ್ಲ, ಕಾಲು ಹಾಕಬೇಕು ಎಂಬ ಲೆಕ್ಕವೂ ಅದರಲ್ಲಿ ಸೇರಿದೆ. ವಿಂಗರ್ ಚೆಂಡನ್ನು ತುಸು ದೂರ ತಳ್ಳಿಕೊಂಡ ಕ್ಷಣವೇ ಆ ಕ್ಷಣ. ಅದಕ್ಕಾಗಿ ಕಾಯುವುದು ಕೂಡ ಒಂದು ಕಲೆ. ಆದರೆ ಟಿವಿಯ ಕ್ಯಾಮೆರಾ ಚೆಂಡಿನ ಬೆನ್ನಿಗೇ ಬಿದ್ದಿರುವುದರಿಂದ ಈ ಕಲೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಎರಡು ನಿಮಿಷದ ಮುಖ್ಯಾಂಶಗಳಲ್ಲಿ ನಡೆಯದೇ ಹೋದ ಗೋಲಿಗೆ ಜಾಗವೆಲ್ಲಿ?

ಆದ್ದರಿಂದ ಮುಂದಿನ ಬಾರಿ ಪಂದ್ಯ ನೋಡುವಾಗ ಒಂದು ಕೆಲಸ ಮಾಡೋಣ. ವಿಂಗರ್ ಯಾರನ್ನಾದರೂ ದಾಟಿ ಹೋದಾಗ, ದಾಟಿಸಿಕೊಂಡವನನ್ನು ನೋಡಿ ನಗುವ ಮೊದಲು ಅವನ ಹಿಂದಿನ ಜಾಗವನ್ನು ನೋಡೋಣ. ಅದು ಖಾಲಿಯಿದ್ದರೆ ತಪ್ಪು ಅವನೊಬ್ಬನದಲ್ಲ. ಮೈದಾನದ ಹೊರಗೂ ನಾವು ಇದೇ ತಪ್ಪು ಮಾಡುತ್ತೇವೆ. ಮನೆಯಲ್ಲಿ, ಶಾಲೆಯಲ್ಲಿ, ಕೆಲಸದ ಜಾಗದಲ್ಲಿ ಒಬ್ಬ ಸೋತಾಗ ಅವನ ಅವಸರವನ್ನು ದೂರುತ್ತೇವೆ. ಅವನು ಕಾಯುವಂತಾಗಲು ನಾವು ಅಲ್ಲಿ ಇದ್ದೆವೇ ಎಂದು ಮಾತ್ರ ಕೇಳಿಕೊಳ್ಳುವುದಿಲ್ಲ.