ಬ್ಲಾಗಿಗೆ ಯಾವ ನೆಲೆ: ವೇದಿಕೆಗಳ ಗುಣದೋಷ

ಬ್ಲಾಗ್ ವೇದಿಕೆಯ ಆಯ್ಕೆಯಲ್ಲಿ ಮೂರು ನಿರ್ಧಾರಗಳು ಕಲೆತುಕೊಂಡಿರುತ್ತವೆ. ಬರಹವನ್ನು ಟೈಪಿಸಿ, ಜೋಡಿಸಿ, ಪ್ರಕಟಿಸುವ ತಂತ್ರಾಂಶ ಯಾವುದು ಎಂಬುದು ಮೊದಲನೆಯದು. ಬರಹ, ಚಿತ್ರ, ಪ್ರತಿಕ್ರಿಯೆಗಳು ಯಾರ ಸರ್ವರ್‌ನಲ್ಲಿ ಇರುತ್ತವೆ ಎಂಬುದು ಎರಡನೆಯದು. ಓದುಗರು ಯಾವ ವಿಳಾಸಕ್ಕೆ ಬಂದು ಓದುತ್ತಾರೆ ಎಂಬುದು ಮೂರನೆಯದು. ಬ್ಲಾಗರ್, ಮೀಡಿಯಂ, ಸಬ್‌ಸ್ಟ್ಯಾಕ್‌ನಂಥ ಸೇವೆಗಳಲ್ಲಿ ಈ ಮೂರೂ ಒಂದೇ ಕಡೆ ಸಿಗುತ್ತವೆ. ಸ್ವಂತ ಹೋಸ್ಟಿಂಗ್ ಪಡೆದು ನಡೆಸುವ ಬ್ಲಾಗಿನಲ್ಲಿ ಒಂದೊಂದನ್ನು ಒಂದೊಂದು ಕಡೆಯಿಂದ ತರಬಹುದು. ವೇದಿಕೆಗಳ ಬಗ್ಗೆ ಚಾಲ್ತಿಯಲ್ಲಿರುವ ತಪ್ಪು ತಿಳಿವಳಿಕೆಗಳಲ್ಲಿ ಹೆಚ್ಚಿನವು ಈ ಮೂರನ್ನು ಬೇರ್ಪಡಿಸಿ ನೋಡದೆ ಹುಟ್ಟಿದವು. ಬೇರ್ಪಡಿಸಿ ನೋಡಿದರೆ ಆಯ್ಕೆಗೆ ಗಟ್ಟಿಯಾದ ಅಳತೆಗೋಲೊಂದು ಸಿಗುತ್ತದೆ: ವೇದಿಕೆಯನ್ನು ಬಿಟ್ಟು ಹೊರಡಬೇಕಾಗಿ ಬಂದಾಗ ಬರಹಗಾರರ ಜೊತೆಗೆ ಏನೇನು ಬರುತ್ತದೆ, ಏನೇನು ಅಲ್ಲೇ ಉಳಿಯುತ್ತದೆ?

ಇಂದಿಗೂ ಬಳಕೆಯಲ್ಲಿರುವ ವೇದಿಕೆಗಳಲ್ಲಿ ಬ್ಲಾಗರ್ ಹಳೆಯದು. ಪೈರಾ ಲ್ಯಾಬ್ಸ್ ಎಂಬ ಸಣ್ಣ ಕಂಪನಿ 1999ರಲ್ಲಿ ಶುರುಮಾಡಿದ ಇದನ್ನು ಗೂಗಲ್ 2003ರಲ್ಲಿ ಕೊಂಡುಕೊಂಡಿತು. ಅದೇ ವರ್ಷದ ಮೇ ತಿಂಗಳಲ್ಲಿ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್, ನಡುವೆ ನಿಂತುಹೋಗಿದ್ದ ಬಿ2 ಎಂಬ ತಂತ್ರಾಂಶವನ್ನು ಕೈಗೆತ್ತಿಕೊಂಡು ವರ್ಡ್‌ಪ್ರೆಸ್ ಹೊರತಂದರು. ಮರುವರ್ಷ, ಆ ಕಾಲಕ್ಕೆ ಮುಂಚೂಣಿಯಲ್ಲಿದ್ದ ಮೂವಬಲ್ ಟೈಪ್ ತನ್ನ ಪರವಾನಗಿಯ ನಿಯಮಗಳನ್ನು ಬಿಗಿಮಾಡಿದ್ದರಿಂದ ಬಹಳಷ್ಟು ಬ್ಲಾಗಿಗರು ವರ್ಡ್‌ಪ್ರೆಸ್ ಕಡೆಗೆ ತಿರುಗಿದರು. ಬ್ಲಾಗರ್ ಕಟ್ಟಿದವರಲ್ಲಿ ಒಬ್ಬರಾದ ಇವಾನ್ ವಿಲಿಯಮ್ಸ್ 2012ರಲ್ಲಿ ಮೀಡಿಯಂ ಆರಂಭಿಸಿದರು. 2013ರಲ್ಲಿ ಘೋಸ್ಟ್, 2017ರಲ್ಲಿ ಸಬ್‌ಸ್ಟ್ಯಾಕ್ ಬಂದವು.

ಕನ್ನಡದಲ್ಲಿ ಬ್ಲಾಗ್ ಬರವಣಿಗೆ ಚಿಗುರಿದ್ದು ಯೂನಿಕೋಡ್ ಕೈಗೆಟುಕಿದ ಮೇಲೆ. ವಿಂಡೋಸ್ ಎಕ್ಸ್‌ಪಿಯ ಜೊತೆ ಬಂದ ತುಂಗಾ ಫಾಂಟ್, ಯೂನಿಕೋಡ್‌ಗೆ ಹೊಂದಿಕೊಂಡ ‘ಬರಹ’ ಎಂಬ ತಂತ್ರಾಂಶ ಇವುಗಳಿಂದಾಗಿ ಓದುಗರು ಬೇರೆ ಫಾಂಟ್ ಇಳಿಸಿಕೊಳ್ಳುವ ಗೋಜಿಲ್ಲದೆ ಕನ್ನಡ ಓದುವಂತಾಯಿತು. 2005ರಲ್ಲಿ ಶುರುವಾದ ಸಂಪದ, ಡ್ರುಪಾಲ್ ಎಂಬ ಮುಕ್ತ ತಂತ್ರಾಂಶದ ಮೇಲೆ ನಿಂತ ಸಮುದಾಯ ತಾಣವಾಗಿತ್ತು. ‘ಅವಧಿ’ ಎಂಬ ತಾಣ ವರ್ಡ್‌ಪ್ರೆಸ್ ಡಾಟ್ ಕಾಮ್‌ನ ಉಚಿತ ವಿಳಾಸದಲ್ಲಿ ನಡೆದು ಆಮೇಲೆ ಸ್ವಂತ ಡೊಮೇನ್‌ಗೆ ಬಂತು. ಒಂಟಿಯಾಗಿ ಬರೆಯುತ್ತಿದ್ದ ಅನೇಕರು ಬ್ಲಾಗರ್‌ನ ಬ್ಲಾಗ್‌ಸ್ಪಾಟ್ ವಿಳಾಸಗಳಲ್ಲಿ ನೆಲೆಯೂರಿದರು.

ಬ್ಲಾಗರ್‌ನ ದೊಡ್ಡ ಗುಣವೆಂದರೆ ನಿರ್ವಹಣೆಯ ಹೊರೆ ಇಲ್ಲದಿರುವುದು. ಬಾಡಿಗೆ ಕಟ್ಟಬೇಕಿಲ್ಲ, ತಂತ್ರಾಂಶ ನವೀಕರಿಸಬೇಕಿಲ್ಲ, ಭದ್ರತೆಯ ಚಿಂತೆ ಬಹುಮಟ್ಟಿಗೆ ಗೂಗಲ್‌ನದು. ಸ್ವಂತ ಡೊಮೇನ್ ಇದ್ದರೆ ಅದನ್ನು ಜೋಡಿಸಲು ಬ್ಲಾಗರ್ ಹಣ ಕೇಳುವುದಿಲ್ಲ. ಬಹಳ ಮಂದಿ ಬಳಸದೆ ಬಿಟ್ಟಿರುವ ಅನುಕೂಲವಿದು. ಟೆಂಪ್ಲೇಟಿನ ಕೋಡನ್ನು ತಿದ್ದಲೂ ಅವಕಾಶವಿದೆ. ಕೊರತೆಯೆಂದರೆ, ಹಲವು ವರ್ಷಗಳಿಂದ ಈ ಸೇವೆಯಲ್ಲಿ ಹೊಸತನ ಕಡಿಮೆ. ಲೇಖಕರು ಹಲವರಾಗಿ, ಅಂಕಣಗಳು ಹೆಚ್ಚಾಗಿ, ಬ್ಲಾಗ್ ಪತ್ರಿಕೆಯಂತೆ ಬೆಳೆದಾಗ ಅದರ ಚೌಕಟ್ಟು ಸಾಲದಾಗುತ್ತದೆ.

ವರ್ಡ್‌ಪ್ರೆಸ್ ಬಗ್ಗೆ ಇರುವ ಗೊಂದಲ ಎಲ್ಲಕ್ಕಿಂತ ವ್ಯಾಪಕವಾದದ್ದು. ಒಂದೇ ಹೆಸರಿನಲ್ಲಿ ಎರಡು ವ್ಯವಸ್ಥೆಗಳಿವೆ. ಮೊದಲನೆಯದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಿಂದ ಅದನ್ನು ಇಳಿಸಿಕೊಂಡು, ಹೋಸ್ಟಿಂಗ್ ಕಂಪನಿಯ ಸರ್ವರ್‌ನಲ್ಲಿ ಹಾಕಿ, ಬೇಕಾದ ಥೀಮ್, ಪ್ಲಗಿನ್ ಸೇರಿಸಿ ನಡೆಸಬಹುದು. ಎರಡನೆಯದು ವರ್ಡ್‌ಪ್ರೆಸ್ ಡಾಟ್ ಕಾಮ್. ಇದು ಮುಲೆನ್‌ವೆಗ್ ಅವರ ಆಟೊಮ್ಯಾಟಿಕ್ ಕಂಪನಿ 2005ರಿಂದ ನಡೆಸುತ್ತಿರುವ ವಾಣಿಜ್ಯ ಸೇವೆ. ಇಲ್ಲಿಯ ಉಚಿತ ಖಾತೆಯಲ್ಲಿ ಕಂಪನಿ ಜಾಹೀರಾತು ತೋರಿಸುತ್ತದೆ, ಪ್ಲಗಿನ್ ಹಾಕಲಾಗದು, ಸ್ವಂತ ಡೊಮೇನ್ ಬೇಕಾದರೆ ಹಣ ಕಟ್ಟಬೇಕು. “ವರ್ಡ್‌ಪ್ರೆಸ್ ಉಚಿತ” ಎಂಬ ಮಾತು ಮೊದಲನೆಯದರಲ್ಲಿ ತಂತ್ರಾಂಶದ ಮಟ್ಟಿಗೆ ನಿಜ, ಹೋಸ್ಟಿಂಗ್‌ನ ಮಟ್ಟಿಗೆ ಅಲ್ಲ. ಎರಡನೆಯದರಲ್ಲಿ ಹೋಸ್ಟಿಂಗ್ ಉಚಿತ, ಸ್ವಾತಂತ್ರ್ಯ ಮಿತ. ಒಂದರ ಗುಣವನ್ನು ಇನ್ನೊಂದರಿಂದ ನಿರೀಕ್ಷಿಸಿದವರಿಗೆ ನಿರಾಶೆಯಾಗುವುದು ಸಹಜ.

ಕನ್ನಡದಲ್ಲಿ ಬರೆಯುವವರಿಗೆ ವೇದಿಕೆಗಳ ವ್ಯತ್ಯಾಸ ಎದ್ದು ಕಾಣುವುದು ಲೇಖನದ ವಿಳಾಸದಲ್ಲಿ. ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಬ್ಲಾಗರ್ ಅದನ್ನು ವಿಳಾಸಕ್ಕೆ ಎತ್ತಿಕೊಳ್ಳುವುದಿಲ್ಲ. ‘ಬ್ಲಾಗ್-ಪೋಸ್ಟ್’ ಎಂಬ ರೋಮನ್ ಲಿಪಿಯ ಪದಕ್ಕೆ ಒಂದು ಸಂಖ್ಯೆ ಅಂಟಿಸಿ ಮುಗಿಸುತ್ತದೆ. ಕವಿತೆ, ಅಡುಗೆ, ಪ್ರವಾಸ ಎಲ್ಲದರ ವಿಳಾಸವೂ ಒಂದೇ ಬಗೆಯದಾಗುತ್ತದೆ. ವರ್ಡ್‌ಪ್ರೆಸ್ ಕನ್ನಡವನ್ನು ಉಳಿಸಿಕೊಳ್ಳುತ್ತದೆ, ಆದರೆ ಉದ್ದವನ್ನು ಕತ್ತರಿಸುತ್ತದೆ. ಅಕ್ಷರವಾಗಲಿ, ಸ್ವರಚಿಹ್ನೆಯಾಗಲಿ, ಕನ್ನಡದ ಒಂದೊಂದು ಯೂನಿಕೋಡ್ ಸಂಕೇತವೂ ವಿಳಾಸದೊಳಗೆ ಶೇಕಡಾ ಚಿಹ್ನೆ ಮತ್ತು ಅಂಕಿ-ಅಕ್ಷರಗಳಾಗಿ ಒಡೆದು 9 ಸ್ಥಾನ ಹಿಡಿಯುತ್ತದೆ. ವರ್ಡ್‌ಪ್ರೆಸ್‌ನ ಡೇಟಾಬೇಸ್‌ನಲ್ಲಿ ಈ ಭಾಗಕ್ಕೆ ಮೀಸಲಿರುವುದು 200 ಸ್ಥಾನ. ‘ಮಲೆನಾಡಿನ ಮಳೆಗಾಲದ ಅಡುಗೆಗಳು’ ಎಂಬ ಮೂರು ಪದಗಳ ಶೀರ್ಷಿಕೆಗೆ 209 ಸ್ಥಾನ ಬೇಕು. ಹೀಗಾಗಿ ವಿಳಾಸ ‘ಅಡುಗೆಗಳ’ ಎಂಬಲ್ಲಿಗೆ ನಿಂತು ಕೊನೆಯ ಉಕಾರ ಬಿದ್ದುಹೋಗುತ್ತದೆ. ಒತ್ತಕ್ಷರಗಳಿದ್ದರೆ ಎರಡನೇ ಪದದಲ್ಲೇ ಕತ್ತರಿ ಬೀಳಬಹುದು, ಏಕೆಂದರೆ ‘ಕ್ಷ’ ಒಂದಕ್ಕೇ 27 ಸ್ಥಾನ ಹೋಗುತ್ತದೆ. ಎರಡೂ ವೇದಿಕೆಗಳಲ್ಲಿ ಪರಿಹಾರ ಒಂದೇ: ಪ್ರಕಟಿಸುವ ಮುನ್ನ ರೋಮನ್ ಲಿಪಿಯಲ್ಲಿ ಎರಡು ಮೂರು ಪದಗಳ ಚಿಕ್ಕ ವಿಳಾಸವನ್ನು ಕೈಯಾರೆ ಕೊಡುವುದು. ಪ್ರಕಟಿಸಿದ ಮೇಲೆ ಬದಲಿಸಿದರೆ ಅದಾಗಲೇ ಹಂಚಿಹೋದ ಕೊಂಡಿಗಳು ಕೆಡುವ ಅಪಾಯವಿದೆ.

ಥೀಮ್‌ಗಳ ವಿಷಯದಲ್ಲೂ ಇಂಥದೇ ತೊಡಕು. ಹೆಚ್ಚಿನ ಥೀಮ್‌ಗಳು ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾದವು. ಸಾಲುಗಳ ನಡುವಿನ ಅಂತರ ಕಡಿಮೆಯಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಶೀರ್ಷಿಕೆಯ ಅಕ್ಷರಗಳ ನಡುವೆ ಜಾಗ ಬಿಡುವ ಥೀಮ್‌ನಲ್ಲಿ ಕನ್ನಡ ಪದ ಬಿಡಿಬಿಡಿಯಾಗಿ ಕಾಣುತ್ತದೆ. ಸ್ವಂತ ಹೋಸ್ಟಿಂಗ್‌ನ ವರ್ಡ್‌ಪ್ರೆಸ್‌ನಲ್ಲೂ ಬ್ಲಾಗರ್‌ನಲ್ಲೂ ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಸೇರಿಸಿ, ಅಂತರ ಹೆಚ್ಚಿಸಿ ಇದನ್ನು ಸರಿಪಡಿಸಬಹುದು. ಮೀಡಿಯಂನಲ್ಲಿ ಬರಹಗಾರರಿಗೆ ಆ ಹಿಡಿತವಿಲ್ಲ. ದುಬಾರಿ ಥೀಮ್ ಕೊಂಡರೆ ಬ್ಲಾಗ್ ಚೆಂದವಾಗುತ್ತದೆ ಎಂಬ ನಂಬಿಕೆ ಕನ್ನಡದ ಮಟ್ಟಿಗೆ ಟೊಳ್ಳು. ಕೊಳ್ಳುವ ಮೊದಲು ಒತ್ತಕ್ಷರಗಳಿರುವ ಒಂದು ಕನ್ನಡ ಪುಟವನ್ನು ಅದರಲ್ಲಿ ಹಾಕಿ ನೋಡುವುದೇ ಸರಿಯಾದ ಪರೀಕ್ಷೆ.

ಮೀಡಿಯಂನ ಆಕರ್ಷಣೆ ಅದರ ಓದುಗ ಬಳಗ. ಬರೆದವರ ಹೆಸರು ಗೊತ್ತಿಲ್ಲದವರ ಮುಂದೆಯೂ ಬರಹ ಬರುತ್ತದೆ. ಆದರೆ ಯಾರಿಗೆ ಏನು ತೋರಿಸಬೇಕೆಂದು ತೀರ್ಮಾನಿಸುವುದು ಕಂಪನಿ, ಮತ್ತು ಅಲ್ಲಿ ಹೆಚ್ಚಿನ ಓದುಗರು ಇಂಗ್ಲಿಷಿನವರು. ಸಬ್‌ಸ್ಟ್ಯಾಕ್ ಬರಹವನ್ನು ನೇರವಾಗಿ ಚಂದಾದಾರರ ಇಮೇಲ್‌ಗೆ ಕಳಿಸುತ್ತದೆ, ಚಂದಾ ಹಣದಲ್ಲಿ ಶೇ. 10 ಇಟ್ಟುಕೊಳ್ಳುತ್ತದೆ. ಹೊರಡುವಾಗ ಚಂದಾದಾರರ ಇಮೇಲ್ ಪಟ್ಟಿಯನ್ನು ಬರಹಗಾರರು ಒಯ್ಯಬಹುದು ಎಂಬುದು ಅದರ ಪರವಾಗಿ ಹೇಳಬೇಕಾದ ದೊಡ್ಡ ಮಾತು. ತೊಡಕು ಹಣ ಸಂಗ್ರಹದಲ್ಲಿದೆ. ಅದು ಸ್ಟ್ರೈಪ್ ಮೂಲಕ ನಡೆಯುತ್ತದೆ. ಸ್ಟ್ರೈಪ್ 2024ರಿಂದ ಭಾರತದಲ್ಲಿ ಹೊಸ ಖಾತೆಗಳನ್ನು ಆಹ್ವಾನವಿದ್ದವರಿಗೆ ಮಾತ್ರ ಕೊಡುತ್ತಿದೆ. ಅಮೆರಿಕದಲ್ಲೋ ಬ್ರಿಟನ್‌ನಲ್ಲೋ ನೆಲೆಸಿದ ಕನ್ನಡಿಗರಿಗೆ ಸುಲಭವಾದ ದಾರಿ ಧಾರವಾಡದಲ್ಲಿ ಕುಳಿತು ಬರೆಯುವವರಿಗೆ ಸುಲಭವಲ್ಲ. ಘೋಸ್ಟ್ ಲಾಭರಹಿತ ಸಂಸ್ಥೆಯೊಂದು ನಡೆಸುವ ಮುಕ್ತ ತಂತ್ರಾಂಶ. ಬ್ಲಾಗ್ ಮತ್ತು ಇಮೇಲ್ ಪತ್ರ ಎರಡನ್ನೂ ಅಚ್ಚುಕಟ್ಟಾಗಿ ನಿಭಾಯಿಸುತ್ತದೆ, ಆದರೆ ಸ್ವಂತವಾಗಿ ನಡೆಸಲು ತಾಂತ್ರಿಕ ತಿಳಿವಳಿಕೆ ಬೇಕು. ಜೆಕಿಲ್, ಹ್ಯೂಗೊ ಮುಂತಾದವು ಡೇಟಾಬೇಸ್ ಇಲ್ಲದೆ ಸಿದ್ಧ ಪುಟಗಳನ್ನು ತಯಾರಿಸಿಕೊಡುತ್ತವೆ. ಅವು ವೇಗವಾಗಿವೆ, ಅಗ್ಗವಾಗಿವೆ, ಬರಹವೆಲ್ಲ ಸಾದಾ ಕಡತಗಳಾಗಿ ಬರೆದವರ ಕಂಪ್ಯೂಟರಿನಲ್ಲೇ ಇರುತ್ತದೆ. ಆದರೂ ಕಮ್ಯಾಂಡ್ ಕೊಟ್ಟು ಕೆಲಸ ಮಾಡಿ ರೂಢಿಯಿಲ್ಲದವರಿಗೆ ಅವು ಒಗ್ಗುವುದಿಲ್ಲ.

ಇನ್ನು ತಪ್ಪು ತಿಳಿವಳಿಕೆಗಳು. ಬ್ಲಾಗರ್ ಗೂಗಲ್‌ನದಾದ್ದರಿಂದ ಹುಡುಕಾಟದಲ್ಲಿ ಅದಕ್ಕೆ ಮೊದಲ ಮಣೆ ಎಂಬುದು ಒಂದು. ವರ್ಡ್‌ಪ್ರೆಸ್‌ಗೆ ಒಂದು ಎಸ್‌ಇಒ (ಹುಡುಕಾಟದ ಸ್ಥಾನ ಸುಧಾರಣೆಯ) ಪ್ಲಗಿನ್ ಹಾಕಿದರೆ ಪುಟ ಮೇಲೇರುತ್ತದೆ ಎಂಬುದು ಇನ್ನೊಂದು. ಹುಡುಕುವವರಿಗೆ ಬೇಕಾದದ್ದು ಪುಟದಲ್ಲಿದೆಯೇ, ಬೇರೆ ತಾಣಗಳು ಅದಕ್ಕೆ ಕೊಂಡಿ ಕೊಟ್ಟಿವೆಯೇ, ಮೊಬೈಲಿನಲ್ಲಿ ಅದು ಬೇಗ ತೆರೆಯುತ್ತದೆಯೇ ಎಂಬುದರ ಮೇಲೆ ಸ್ಥಾನ ನಿಂತಿರುತ್ತದೆ. ಪ್ಲಗಿನ್ ಶೀರ್ಷಿಕೆ, ಸಾರಾಂಶಗಳನ್ನು ಒಪ್ಪವಾಗಿಡಲು ನೆನಪಿಸುತ್ತದೆ, ಅಷ್ಟೇ.

ಉಚಿತ ಸೇವೆಯಲ್ಲಿ ಬರೆದದ್ದರ ಹಕ್ಕು ಕಂಪನಿಗೆ ಹೋಗುತ್ತದೆ ಎಂಬ ಭಯವೂ ಇದೆ. ಪ್ರಮುಖ ವೇದಿಕೆಗಳ ಕರಾರಿನಲ್ಲಿ ಕೃತಿಸ್ವಾಮ್ಯ ಬರೆದವರದೇ; ಪ್ರಕಟಿಸಿ ತೋರಿಸಲು ಬೇಕಾದ ಅನುಮತಿಯನ್ನು ಕಂಪನಿ ಪಡೆದುಕೊಳ್ಳುತ್ತದೆ. ಅಪಾಯ ಇರುವುದು ಸೇವೆ ನಿಲ್ಲುವುದರಲ್ಲಿ. 2008ರಲ್ಲಿ ಬಂದ ಪೋಸ್ಟರಸ್ ಅನ್ನು ಟ್ವಿಟರ್ ಕೊಂಡು 2013ರ ಏಪ್ರಿಲ್‌ನಲ್ಲಿ ಮುಚ್ಚಿತು. ಅದು ಉಚಿತ ಸೇವೆ, ಹಾಗಾಗಿ ಹೀಗಾಯಿತು ಎನ್ನುವವರಿಗೆ ಟೈಪ್‌ಪ್ಯಾಡ್‌ನ ಉದಾಹರಣೆ ಉತ್ತರ ಕೊಡುತ್ತದೆ. 2003ರಿಂದ ಚಂದಾ ಪಡೆದು ನಡೆಯುತ್ತಿದ್ದ ಆ ಸೇವೆ, 2025ರ ಆಗಸ್ಟ್‌ನಲ್ಲಿ ಪ್ರಕಟಣೆ ಹೊರಡಿಸಿ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಹಣ ಕೊಟ್ಟ ಮಾತ್ರಕ್ಕೆ ಸೇವೆ ಶಾಶ್ವತವಾಗುವುದಿಲ್ಲ.

ಸೇವೆ ಉಳಿದರೂ ವಿಳಾಸ ಹೋಗಬಹುದು. 2012ರಿಂದ ಕೆಲಕಾಲ ಗೂಗಲ್, ಭಾರತದ ಓದುಗರನ್ನು ಬ್ಲಾಗ್‌ಸ್ಪಾಟ್ ಡಾಟ್ ಕಾಮ್‌ನಿಂದ ಬ್ಲಾಗ್‌ಸ್ಪಾಟ್ ಡಾಟ್ ಇನ್‌ಗೆ ತಾನಾಗಿ ಕಳಿಸುತ್ತಿತ್ತು. ಬ್ರೌಸರ್‌ನಲ್ಲಿ ಕಂಡ ಆ ವಿಳಾಸವನ್ನೇ ಜನ ನಕಲು ಮಾಡಿ ಹಂಚಿದರು. 2020ರಲ್ಲಿ ಆ ಡೊಮೇನ್ ಗೂಗಲ್‌ನ ಕೈತಪ್ಪಿ ಬೇರೆಯವರ ಪಾಲಾಯಿತು, ಹಂಚಿದ ಕೊಂಡಿಗಳು ಕೆಟ್ಟವು. ಮೂಲ ವಿಳಾಸದಲ್ಲಿ ಬ್ಲಾಗುಗಳು ಇದ್ದೇ ಇದ್ದವು, ಅವುಗಳಿಗೆ ಬರುವ ದಾರಿ ಮುಚ್ಚಿತ್ತು. ಅದಕ್ಕೂ ಹಿಂದೆ, 2006ರ ಜುಲೈನಲ್ಲಿ ಮುಂಬೈ ರೈಲು ಸ್ಫೋಟಗಳ ಬಳಿಕ ಕೆಲವು ಪುಟಗಳನ್ನು ತಡೆಯುವಂತೆ ಸರ್ಕಾರದ ಆದೇಶ ಬಂದಾಗ, ಇಂಟರ್ನೆಟ್ ಕಂಪನಿಗಳು ಬ್ಲಾಗ್‌ಸ್ಪಾಟ್ ಅನ್ನೇ ಇಡಿಯಾಗಿ ಕೆಲವು ದಿನ ತಡೆದಿದ್ದವು. ಹಂಚಿಕೆಯ ವಿಳಾಸದಲ್ಲಿದ್ದವರೆಲ್ಲ ತಮಗೆ ಸಂಬಂಧವಿಲ್ಲದ ಕಾರಣಕ್ಕೆ ಓದುಗರನ್ನು ಕಳೆದುಕೊಂಡರು.

ಸ್ವಂತ ಹೋಸ್ಟಿಂಗ್ ಎಂದರೆ ಪೂರ್ಣ ಸ್ವಾತಂತ್ರ್ಯ ಎಂಬ ಮಾತಿಗೂ ಮಿತಿಯಿದೆ. ಡೊಮೇನ್ ಯಾರಿಗೂ ಶಾಶ್ವತವಾಗಿ ಸಿಗುವುದಿಲ್ಲ. ಒಮ್ಮೆಗೆ ಹೆಚ್ಚೆಂದರೆ 10 ವರ್ಷಕ್ಕೆ ನೋಂದಾಯಿಸಬಹುದು. ಹೋಸ್ಟಿಂಗ್ ಬಾಡಿಗೆ ತಪ್ಪಿದರೆ ತಾಣ ಕಾಣೆಯಾಗುತ್ತದೆ. ನವೀಕರಿಸದ ಪ್ಲಗಿನ್ ಮೂಲಕ ಕಿಡಿಗೇಡಿಗಳು ನುಗ್ಗುವುದು ವರ್ಡ್‌ಪ್ರೆಸ್ ತಾಣಗಳಲ್ಲಿ ಮಾಮೂಲು. 2024ರಲ್ಲಿ ಮುಲೆನ್‌ವೆಗ್ ಮತ್ತು ಡಬ್ಲ್ಯುಪಿ ಎಂಜಿನ್ ಎಂಬ ಹೋಸ್ಟಿಂಗ್ ಕಂಪನಿಯ ನಡುವೆ ಜಗಳವಾಗಿ, ಆ ಕಂಪನಿಗೆ ವರ್ಡ್‌ಪ್ರೆಸ್ ಡಾಟ್ ಆರ್ಗ್‌ನ ಪ್ಲಗಿನ್ ಭಂಡಾರದ ಪ್ರವೇಶ ನಿಂತಿತು. ಪ್ರಕರಣ ನ್ಯಾಯಾಲಯಕ್ಕೆ ಹೋಗಿ ಡಿಸೆಂಬರ್‌ನಲ್ಲಿ ಮಧ್ಯಂತರ ಆದೇಶ ಬರುವವರೆಗೂ ಬಿಕ್ಕಟ್ಟು ಮುಂದುವರಿಯಿತು. ಮುಕ್ತ ತಂತ್ರಾಂಶವೂ ಯಾರೋ ನಡೆಸುವ ಸರ್ವರ್‌ನ ಮೇಲೆ ನಿಂತಿರುತ್ತದೆ ಎಂಬುದನ್ನು ಆ ಪ್ರಕರಣ ತೋರಿಸಿತು.

ಬ್ಯಾಕಪ್ ಇದೆ, ಇನ್ನು ಭಯವಿಲ್ಲ ಎಂಬುದು ಎಲ್ಲಕ್ಕಿಂತ ದುಬಾರಿಯಾಗಬಲ್ಲ ನಂಬಿಕೆ. ಬ್ಲಾಗರ್ ಮತ್ತು ವರ್ಡ್‌ಪ್ರೆಸ್ ಎರಡೂ ಬ್ಲಾಗನ್ನು ಒಂದು ಎಕ್ಸ್‌ಎಂಎಲ್ ಕಡತವಾಗಿ ಕೊಡುತ್ತವೆ. ಅದರಲ್ಲಿ ಬರಹ ಮತ್ತು ಪ್ರತಿಕ್ರಿಯೆಗಳಿರುತ್ತವೆ; ಚಿತ್ರಗಳ ಬದಲು ಅವುಗಳ ವಿಳಾಸ ಮಾತ್ರ ಇರುತ್ತದೆ. ಹೊಸ ತಾಣ ಆ ವಿಳಾಸಗಳಿಗೆ ಹೋಗಿ ಚಿತ್ರಗಳನ್ನು ತಂದುಕೊಳ್ಳಬೇಕು. ಹಳೆಯ ತಾಣ ಅಷ್ಟರಲ್ಲಿ ಮುಚ್ಚಿದ್ದರೆ ತರುವುದಕ್ಕೆ ಏನೂ ಇರುವುದಿಲ್ಲ. ಹಾಗಾಗಿ ಚಿತ್ರಗಳನ್ನು ಪ್ರತ್ಯೇಕವಾಗಿ ಇಳಿಸಿಟ್ಟುಕೊಳ್ಳಬೇಕು, ಮತ್ತು ಕಡತ ಸರಿಯಿದೆಯೇ ಎಂದು ಬೇರೊಂದು ಉಚಿತ ಖಾತೆಯಲ್ಲಿ ತೆರೆದು ನೋಡಬೇಕು.

ಈ ಹಿನ್ನೆಲೆಯಲ್ಲಿ ಆಯ್ಕೆ ಕಷ್ಟದ್ದಲ್ಲ. ಕವಿತೆ, ಪ್ರಬಂಧ, ನೆನಪುಗಳನ್ನು ಬಿಡುವಿನಲ್ಲಿ ಬರೆಯುವವರಿಗೆ ಸ್ವಂತ ಡೊಮೇನ್ ಜೋಡಿಸಿದ ಬ್ಲಾಗರ್ ಸಾಕು, ಖರ್ಚು ಡೊಮೇನ್‌ನದಷ್ಟೇ. ನೋಟ ಮತ್ತು ಅನುಕೂಲ ಇನ್ನಷ್ಟು ಬೇಕೆಂದರೆ ವರ್ಡ್‌ಪ್ರೆಸ್ ಡಾಟ್ ಕಾಮ್‌ನ ಹಣದ ಖಾತೆಯಾಗುತ್ತದೆ. ಹಲವು ಲೇಖಕರು ಸೇರಿ ನಡೆಸುವ ಪತ್ರಿಕೆಗೆ ಸ್ವಂತ ಹೋಸ್ಟಿಂಗ್‌ನ ವರ್ಡ್‌ಪ್ರೆಸ್ ಯೋಗ್ಯ, ಅದನ್ನು ನೋಡಿಕೊಳ್ಳುವ ಒಬ್ಬರು ಗೊತ್ತಾಗಿದ್ದರೆ ಮಾತ್ರ. ಚಂದಾದಾರರನ್ನು ನೆಚ್ಚಿ ಬರೆಯುವವರು ಘೋಸ್ಟ್ ಅಥವಾ ಸಬ್‌ಸ್ಟ್ಯಾಕ್ ನೋಡಬಹುದು, ಹಣ ಪಡೆಯುವ ದಾರಿಯನ್ನು ಮೊದಲೇ ಖಚಿತಪಡಿಸಿಕೊಂಡು. ಮೀಡಿಯಂ ಬೇರೆಡೆ ಪ್ರಕಟಿಸಿದ್ದನ್ನು ಮತ್ತೊಮ್ಮೆ ಹಂಚಲು ಒಳ್ಳೆಯ ಜಾಗ, ಏಕೈಕ ನೆಲೆಯಾಗಿ ದುರ್ಬಲ. ವೇದಿಕೆ ಯಾವುದೇ ಇರಲಿ, ಡೊಮೇನ್ ವೆಬ್‌ಸೈಟ್ ಮಾಡಿಕೊಟ್ಟವರ ಹೆಸರಿನಲ್ಲಿರದೆ ಬರಹಗಾರರ ಹೆಸರಿನಲ್ಲೇ ಇರಬೇಕು, ನವೀಕರಣದ ಸೂಚನೆ ಬರುವ ಇಮೇಲ್ ಚಾಲ್ತಿಯಲ್ಲಿರಬೇಕು. ಈ ಎರಡು ಸರಿಯಿದ್ದು ಬ್ಯಾಕಪ್ ಕೈಯಲ್ಲಿದ್ದರೆ, ಇಂದು ಆರಿಸಿದ ವೇದಿಕೆ ಮುಂದೆ ತಪ್ಪೆನಿಸಿದರೂ ಹಳೆಯ ವಿಳಾಸದಲ್ಲೇ ಇನ್ನೊಂದಕ್ಕೆ ಹೋಗಬಹುದು.